ಅತಿ ಕಷ್ಟದ ಪಿಯಾನೊ ಕೃತಿ ಯಾವುದು? ನಮ್ಮ ಮತದಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪಿಯಾನೊ ಕಲಿಯುವವರು, ಕಲಿಸುವವರು, ಬರೀ ಕೇಳಿ ಖುಷಿಪಡುವವರು ಸೇರಿ ನಡೆಸುವ ಮತದಾನ ಇದು. ಹೊಸದಾಗಿ ಬಳಗ ಸೇರಿದವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಮತ ಹಾಕುವ ಮೊದಲು ಓದಿಬಿಡಿ.

ಪಂದ್ಯಾವಳಿ ನಡೆಯುವುದು ಹೇಗೆ?

ಪಟ್ಟಿಯಲ್ಲಿ 32 ಕೃತಿಗಳಿವೆ. ಎರಡೆರಡನ್ನು ಎದುರುಬದುರು ನಿಲ್ಲಿಸುತ್ತೇವೆ. ಎರಡರಲ್ಲಿ ಯಾವುದನ್ನು ನುಡಿಸುವುದು ಜಾಸ್ತಿ ಕಷ್ಟ ಅಂತ ನೀವು ಫೋನಿನಲ್ಲೇ ಮತ ಹಾಕುತ್ತೀರಿ. ಹೆಚ್ಚು ಮತ ಪಡೆದದ್ದು ಮುಂದಿನ ಸುತ್ತಿಗೆ ಹೋಗುತ್ತದೆ, ಇನ್ನೊಂದು ಅಲ್ಲಿಗೇ ನಿಲ್ಲುತ್ತದೆ. ಐದನೇ ಸುತ್ತೇ ಫೈನಲ್. ಒಂದೊಂದು ಸುತ್ತಿಗೂ ಎರಡು ವಾರ ಸಮಯ ಇರುತ್ತದೆ. ಕೆಲವು ಕೃತಿಗಳನ್ನು ಒಂದು ಸಲ ಕೇಳುವುದಕ್ಕೇ ಮುಕ್ಕಾಲು ಗಂಟೆ ಬೇಕಲ್ಲ, ಅದಕ್ಕೆ.

ಮತದ ಜೊತೆ ಒಂದು ಸಾಲು ಕಾರಣ ಬರೆಯಲೇಬೇಕು. "ಕೇಳಿದರೆ ಮೈ ಜುಮ್ ಅನ್ನುತ್ತೆ" ಅಂದರೆ ಸಾಲದು. "ಬಲಗೈಯ ಕೊನೆಯ ಮೂರು ಬೆರಳುಗಳಿಗೆ ಬಿಡುವೇ ಇಲ್ಲ" ಅಂತ ಬರೆದರೆ ಸಾಕು. ಕಾರಣ ಇಲ್ಲದ ಮತವನ್ನು ಎಣಿಸುವುದಿಲ್ಲ. ಈ ನಿಯಮಕ್ಕೆ ತಕರಾರು ಬರುತ್ತಲೇ ಇರುತ್ತದೆ, ಆದರೂ ಬಿಡುವ ಮಾತಿಲ್ಲ. ಗೆದ್ದ ಕೃತಿಯ ಹೆಸರಿಗಿಂತ ಆ ಸಾಲುಗಳೇ ನಮಗೆ ಮುಖ್ಯ. ಅವನ್ನು ಓದಿದ ಮೇಲೆ ಅದೇ ಕೃತಿಯನ್ನು ಮತ್ತೆ ಕೇಳಿ ನೋಡಿ. ಮೊದಲು ಕೇಳಿಸದೇ ಇದ್ದದ್ದೆಲ್ಲ ಕೇಳಿಸುತ್ತದೆ.

ನನಗೆ ಪಿಯಾನೊ ನುಡಿಸಲು ಬರುವುದಿಲ್ಲ. ಮತ ಹಾಕಬಹುದಾ?

ಖಂಡಿತ ಹಾಕಬಹುದು. ಮೊದಲು ಕಣ್ಣು ಮುಚ್ಚಿ ಒಂದು ಸಲ ಕೇಳಿ. ಆಮೇಲೆ ನುಡಿಸುವವರ ಕೈ ಮೇಲಿನಿಂದ ಕಾಣುವ ವಿಡಿಯೊ ಹುಡುಕಿ ನೋಡಿ. ಕೇಳಿದಾಗ ಸುಲಭ ಅನ್ನಿಸಿದ್ದು ನೋಡಿದಾಗ ಕಷ್ಟ ಅನ್ನಿಸಿತಾ? ಅಥವಾ ಅದರ ಉಲ್ಟಾ ಆಯಿತಾ? ಅದನ್ನೇ ಕಾರಣದ ಸಾಲಿನಲ್ಲಿ ಬರೆಯಿರಿ. ನುಡಿಸದವರು ಬರೆದ ಒಳ್ಳೆಯ ಕಾರಣಗಳು ಎಷ್ಟೋ ಇವೆ.

ವೇಗ ಜಾಸ್ತಿ ಇದ್ದಷ್ಟೂ ಕಷ್ಟ ಜಾಸ್ತಿ, ಅಲ್ವಾ?

ವೇಗವೂ ಒಂದು ಕಷ್ಟ, ನಿಜ. ಅದು ಎಲ್ಲರ ಕಿವಿಗೂ ತಕ್ಷಣ ಸಿಗುತ್ತದೆ. ಉಳಿದ ಕಷ್ಟಗಳು ಒಳಗೇ ಅಡಗಿರುತ್ತವೆ. ಹಾಗಾಗಿ ಮತದಾನ ಅಂದಕೂಡಲೇ ಗದ್ದಲ ಜಾಸ್ತಿ ಇರುವ ಕೃತಿ ಗೆದ್ದುಬಿಡುತ್ತದೆ. ಇದು ನನಗೆ ತುಂಬಾ ಬೇಸರ ತರುವ ವಿಷಯ.

ಶೋಪಾನ್ ಬರೆದ ಓಪಸ್ (ಅಂದರೆ ಕೃತಿಯ ಕ್ರಮಸಂಖ್ಯೆ) 10ರ ಎರಡನೇ ಎಟ್ಯೂಡ್ (ಒಂದು ಬಗೆಯ ಕಷ್ಟವನ್ನು ಅಭ್ಯಾಸ ಮಾಡಿಸುವ ಕೃತಿ) ಕೇಳಿ. ಇದು ಅಚ್ಚಾದದ್ದು 1833ರಲ್ಲಿ. ಒಂದೂವರೆ ನಿಮಿಷದ ಚಿಕ್ಕ ಕೃತಿ. ಬಲಗೈಯ ಮಧ್ಯದ ಬೆರಳು, ಉಂಗುರದ ಬೆರಳು, ಕಿರುಬೆರಳು ಇಷ್ಟೇ ಸೇರಿ ಬಿಳಿ ಕಪ್ಪು ಕೀಗಳನ್ನೆಲ್ಲ ಒಂದನ್ನೂ ಬಿಡದೆ ಹತ್ತಿ ಇಳಿಯಬೇಕು. ಅದೇ ಕೈಯ ಹೆಬ್ಬೆರಳು, ತೋರುಬೆರಳು ಕೆಳಗಡೆ ಪುಟ್ಟ ಪುಟ್ಟ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೇ ನುಡಿಯುವ ಸ್ವರಗುಚ್ಛಗಳನ್ನು, ಒತ್ತುತ್ತಿರಬೇಕು. ಕೇಳುವವರಿಗೆ ಏನೂ ವಿಶೇಷ ಅನ್ನಿಸುವುದಿಲ್ಲ. ನುಡಿಸುವವರಿಗೆ ಮೊದಲ ಪುಟ ಮುಗಿಯುವಷ್ಟರಲ್ಲೇ ಮುಂಗೈ ಉರಿಯುತ್ತಿರುತ್ತದೆ.

ಫ್ರಾನ್ಜ್ ಲಿಸ್ಟ್ ಬರೆದ 'ಫ್ಯೂ ಫೋಲೆ' ಇನ್ನೊಂದು ಥರ. ಬಲಗೈ ಒಂದೊಂದೇ ಸ್ವರ ಅಲ್ಲ, ಎರಡೆರಡು ಸ್ವರಗಳನ್ನು ಜೋಡಿಯಾಗಿ ಓಡಿಸುತ್ತದೆ. ಜೋರಾಗಿ ನುಡಿಸುವ ಹಾಗಿದ್ದರೆ ಹೇಗೋ ದಾಟಿಬಿಡಬಹುದು. ಆದರೆ ಇಡೀ ಕೃತಿ ಪಿಸುಮಾತಿನ ಮಟ್ಟದಲ್ಲಿ, ಹಗುರವಾಗಿ ಹೋಗಬೇಕು. ಅದೇ ಅದರ ಕಷ್ಟ.

ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್‌ನಲ್ಲಿ ಕಷ್ಟ ಬರುವುದು ವಾದ್ಯದಿಂದಲೇ. 1741ರಲ್ಲಿ ಅಚ್ಚಾದ ಈ ಕೃತಿಯನ್ನು ಎರಡು ಸಾಲು ಕೀಗಳಿರುವ ಹಾರ್ಪ್ಸಿಕಾರ್ಡ್ ಅನ್ನುವ ಹಳೆಯ ವಾದ್ಯಕ್ಕೆ ಬರೆದದ್ದು. ಅಲ್ಲಿ ಒಂದು ಕೈ ಮೇಲಿನ ಸಾಲಿನಲ್ಲಿ, ಇನ್ನೊಂದು ಕೆಳಗಿನ ಸಾಲಿನಲ್ಲಿ ಆರಾಮಾಗಿ ಇರಬಹುದು. ಪಿಯಾನೊದಲ್ಲಿ ಇರುವುದು ಒಂದೇ ಸಾಲು. ಎರಡು ಕೈಗಳೂ ಅದೇ ಜಾಗಕ್ಕೆ ಬಂದು ಒಂದರ ಮೇಲೊಂದು ಬೀಳುತ್ತವೆ. ಯಾವ ಕೈ ಮೇಲೆ, ಯಾವುದು ಕೆಳಗೆ ಅಂತ ಪ್ರತಿ ಸಾಲಿಗೂ ಮೊದಲೇ ಯೋಚಿಸಿಡಬೇಕು.

ಕರ್ನಾಟಕ ಸಂಗೀತ ಕಲಿತಿದ್ದೇನೆ, ಪಾಶ್ಚಾತ್ಯ ಸಂಗೀತ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಲಯದಿಂದ ಶುರು ಮಾಡಿ. ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರು ಹುಟ್ಟಿದ ರುದ್ರಪಟ್ಟಣ ನಮ್ಮ ಅರಕಲಗೂಡು ತಾಲ್ಲೂಕಿನಲ್ಲೇ ಇದೆ. ಈ ಜಿಲ್ಲೆಯಲ್ಲಿ ತಾಳ ಗೊತ್ತಿರುವ ಕಿವಿಗಳಿಗೆ ಕೊರತೆ ಇಲ್ಲ. ಆ ಕಿವಿಗೆ ಇಲ್ಲಿ ತುಂಬಾ ಬೆಲೆ ಇದೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಲಗೈಯಿಂದ ತೊಡೆಯ ಮೇಲೆ 'ತಕಧಿಮಿ' ತಟ್ಟಿ. ಎಡಗೈಯಿಂದ 'ತಕಿಟ' ತಟ್ಟಿ. ಎರಡೂ ಒಟ್ಟಿಗೆ ಶುರುವಾಗಿ ಒಂದೇ ಅವಧಿಯಲ್ಲಿ ಮುಗಿಯಬೇಕು. ಅಂದರೆ ನಾಲ್ಕು ತಟ್ಟುವ ಹೊತ್ತಿಗೆ ಇನ್ನೊಂದು ಕೈ ಮೂರನ್ನು ಸಮವಾಗಿ ಹಂಚಬೇಕು. ಶೋಪಾನ್‌ನ 'ಫ್ಯಾಂಟಸಿ ಇಂಪ್ರಾಂಪ್ಟು' ಶುರುವಿನಿಂದಲೇ ಹೀಗೆ ಓಡುತ್ತದೆ. ಇದು ನಮ್ಮ ಪಟ್ಟಿಯಲ್ಲಿ ಇಲ್ಲ. ಯಾಕೆಂದರೆ ಪಟ್ಟಿಯಲ್ಲಿರುವವುಗಳ ಮುಂದೆ ಇದು ಸುಲಭ!

ಆಮೇಲೆ ಲಿಗೆಟಿಯ ಮೊದಲನೇ ಎಟ್ಯೂಡ್‌ಗೆ ಬನ್ನಿ. 1985ರದ್ದು. ಬಲಗೈಗೆ ಬಿಳಿ ಕೀ ಮಾತ್ರ, ಎಡಗೈಗೆ ಕಪ್ಪು ಕೀ ಮಾತ್ರ. ಎರಡೂ ಕೈಗಳ ಒತ್ತು ಮೊದಲು ಒಟ್ಟಿಗೇ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಕೈಯ ಸಾಲಿನಲ್ಲಿ ಒಂದು ಮಾತ್ರೆ ಕಡಿಮೆಯಾಗುತ್ತದೆ, ಒತ್ತು ಮುಂದಕ್ಕೆ ಸರಿಯುತ್ತದೆ. ಹೀಗೆ ಸರಿಯುತ್ತಾ ಸರಿಯುತ್ತಾ ಎರಡು ಕೈಗಳೂ ಎರಡು ಬೇರೆ ದಾರಿ ಹಿಡಿಯುತ್ತವೆ. ಮೃದಂಗ ನುಡಿಸುವವರಿಗೆ ಇದರ ಕಷ್ಟ ತಕ್ಷಣ ಅರ್ಥವಾಗುತ್ತದೆ. ಪಿಯಾನೊ ಕಲಿಯುವ ಎಷ್ಟೋ ಮಕ್ಕಳಿಗಿಂತ ಬೇಗ ಅರ್ಥವಾಗುತ್ತದೆ.

ಮೆಟ್ನರ್ ಯಾರು? ಪಟ್ಟಿಯಲ್ಲಿ ಯಾಕಿದ್ದಾರೆ?

ನಮ್ಮ ಭಾಗದವರು ತಿಳಿದಿರಲೇಬೇಕಾದ ಹೆಸರು ಇದು. ನಿಕೊಲಾಯ್ ಮೆಟ್ನರ್ ರಷ್ಯಾದ ಸಂಗೀತಗಾರ, ಅಷ್ಟೇ ದೊಡ್ಡ ಪಿಯಾನೊ ವಾದಕ. ಕೊನೆಗಾಲದಲ್ಲಿ ಲಂಡನ್‌ನಲ್ಲಿ ಆರೋಗ್ಯ ಕೆಟ್ಟು, ಜನ ಮರೆತುಬಿಟ್ಟಿದ್ದ ಸ್ಥಿತಿಯಲ್ಲಿದ್ದರು. ಆಗ ಅವರ ಕೈ ಹಿಡಿದದ್ದು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. 1940ರ ದಶಕದ ಕೊನೆಯಲ್ಲಿ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ರೆಕಾರ್ಡ್ ಮಾಡಲು ಮಹಾರಾಜರು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು (ಆರ್ಕೆಸ್ಟ್ರಾ, ಅಂದರೆ ವಾದ್ಯವೃಂದದ ಜೊತೆ ನುಡಿಸುವ ಕೃತಿ) ಮಹಾರಾಜರಿಗೇ ಅರ್ಪಿಸಿದರು. ಮೆಟ್ನರ್ ತೀರಿಕೊಂಡದ್ದು 1951ರಲ್ಲಿ. ಆ ರೆಕಾರ್ಡಿಂಗ್‌ಗಳು ಇವತ್ತಿಗೂ ಕೇಳಲು ಸಿಗುತ್ತವೆ.

ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಕೃತಿಗಳನ್ನು ರಚಿಸಿದ ಅದೇ ಮಹಾರಾಜರು ಸ್ವತಃ ಪಿಯಾನೊ ಕಲಿತವರು. ಹಾಸನ, ಕಡೂರು, ಚಿಕ್ಕಮಗಳೂರು ಎಲ್ಲ ಆಗ ಮೈಸೂರು ಸಂಸ್ಥಾನಕ್ಕೇ ಸೇರಿದ್ದವು. ಪಿಯಾನೊ ನಮಗೆ ಸಂಬಂಧವೇ ಇಲ್ಲದ ವಾದ್ಯ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಪಟ್ಟಿಯಲ್ಲಿರುವುದು ಅವರ 'ನೈಟ್ ವಿಂಡ್' ಸೊನಾಟ. 1911ರಲ್ಲಿ ಬರೆದು ರಖ್ಮಾನಿನೊಫ್‌ಗೆ ಅರ್ಪಿಸಿದ್ದು. ಅರ್ಧ ಗಂಟೆಗೂ ಮೀರಿ ಎಲ್ಲೂ ನಿಲ್ಲದೆ ಸಾಗುತ್ತದೆ. ಅದರ ದೊಡ್ಡ ಭಾಗ ಒಂದು ಆವರ್ತಕ್ಕೆ 15 ಮಾತ್ರೆಯ ಲೆಕ್ಕದಲ್ಲಿದೆ, ಅಂದರೆ ಐದು ತಕಿಟ. ಪ್ರೀತಿ ಇದೆ ಅಂತ ಸುಮ್ನೆ ಸೇರಿಸಿದ್ದಲ್ಲ. ಕಷ್ಟದಲ್ಲಿ ಇದು ಯಾವುದಕ್ಕೂ ಕಡಿಮೆ ಇಲ್ಲ.

'ಲಾ ಕ್ಯಾಂಪನೆಲಾ' ಎಲ್ಲಕ್ಕಿಂತ ಕಷ್ಟ ಅಂತ ಕೇಳಿದ್ದೇನೆ. ನಿಜವಾ?

ಯಾವ ಕ್ಯಾಂಪನೆಲಾ ಅಂತ ಮೊದಲು ನೋಡಬೇಕು. ಪಗನೀನಿಯ ಎರಡನೇ ವಯೊಲಿನ್ ಕಾನ್ಸರ್ಟೊದಿಂದ ರಾಗ ತೆಗೆದುಕೊಂಡು ಲಿಸ್ಟ್ ಇದನ್ನು 1838ರಲ್ಲಿ ಪಿಯಾನೊ ಎಟ್ಯೂಡ್ ಮಾಡಿದ. 1851ರಲ್ಲಿ ತಿದ್ದಿ ಹಗುರ ಮಾಡಿದ. ನಾವೆಲ್ಲ ಕೇಳುವುದು ಈ ಎರಡನೆಯದನ್ನು. ಕಷ್ಟ ಇದೆ, ಆದರೆ ಕಷ್ಟವೆಲ್ಲ ಎದುರಿಗೇ ಕಾಣುತ್ತದೆ. ದೊಡ್ಡ ದೊಡ್ಡ ನೆಗೆತ, ಕಂಪನ, ಒಂದೇ ಸ್ವರವನ್ನು ಪಟಪಟ ಹೊಡೆಯುವುದು. ಚೆನ್ನಾಗಿ ಕಲಿತ ವಿದ್ಯಾರ್ಥಿಗಳು ಇದನ್ನು ನುಡಿಸುತ್ತಾರೆ. 1838ರದ್ದನ್ನು ಮುಟ್ಟುವವರು ಬಹಳ ಕಡಿಮೆ. ಪಟ್ಟಿಯಲ್ಲಿರುವುದು ಅದು.

ಲಿಸ್ಟ್‌ನ ಹನ್ನೆರಡು ಟ್ರಾನ್ಸೆಂಡೆಂಟಲ್ ಎಟ್ಯೂಡ್‌ಗಳ ಕಥೆಯೂ ಹೀಗೇ. ಹುಡುಗನಾಗಿದ್ದಾಗ 1826ರಲ್ಲಿ ಮೊದಲ ರೂಪ, 1837ರಲ್ಲಿ ಭಯಂಕರ ಕಷ್ಟದ ಎರಡನೇ ರೂಪ, 1852ರಲ್ಲಿ ಈಗ ಎಲ್ಲರೂ ನುಡಿಸುವ ಮೂರನೇ ರೂಪ. ಮತ ಹಾಕುವಾಗ ಪಟ್ಟಿಯಲ್ಲಿ ಹೆಸರಿನ ಪಕ್ಕ ಇರುವ ವರ್ಷ ನೋಡಿಕೊಳ್ಳಿ.

'ಗಾಸ್ಪಾರ್ ದ ಲಾ ನ್ವಿ' ಪೂರ್ತಿ ಇದೆಯಾ, ಸ್ಕಾರ್ಬೊ ಮಾತ್ರವಾ?

ಪೂರ್ತಿ ಇದೆ, ಮೂರೂ ಭಾಗ. ಸ್ಕಾರ್ಬೊ ಅದರ ಕೊನೆಯ ಭಾಗ. ರವೆಲ್ ಈ ಕೃತಿಯನ್ನು 1908ರಲ್ಲಿ ಬರೆದದ್ದು. ಬಾಲಕಿರೆವ್‌ನ 'ಇಸ್ಲಾಮಿ'ಗಿಂತ ಕಷ್ಟದ್ದನ್ನು ಬರೆಯಬೇಕು ಅಂತ ಹಠ ತೊಟ್ಟೇ ಬರೆದ. ಇಸ್ಲಾಮಿ 1869ರದ್ದು, ಆ ಕಾಲಕ್ಕೆ ಕಷ್ಟಕ್ಕೆ ಇನ್ನೊಂದು ಹೆಸರು. ಇವೆರಡೂ ಮೊದಲ ಸುತ್ತಿನಲ್ಲಿ ಎದುರಾಗಬಾರದು ಅಂತ ಬೇಕೆಂದೇ ಬೇರೆ ಬೇರೆ ಗುಂಪಿಗೆ ಹಾಕಿದ್ದೇವೆ. ಸೆಮಿಫೈನಲ್‌ನಲ್ಲಿ ಸಿಕ್ಕರೆ ಅದರ ಮಜವೇ ಬೇರೆ.

ಸ್ಕಾರ್ಬೊ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಡುವಿನ 'ಲ ಜಿಬೆ' ಕಡೆಗೂ ಸ್ವಲ್ಪ ಗಮನ ಕೊಡಿ. ದೂರದ ಗಂಟೆಯ ಹಾಗೆ ಒಂದೇ ಸ್ವರ ಮೊದಲಿನಿಂದ ಕೊನೆಯವರೆಗೆ ಬಡಿಯುತ್ತಲೇ ಇರುತ್ತದೆ. ಸುತ್ತ ದೊಡ್ಡ ದೊಡ್ಡ ಕಾರ್ಡ್‌ಗಳು ಬದಲಾಗುತ್ತವೆ, ಆ ಸ್ವರ ಮಾತ್ರ ಬದಲಾಗಬಾರದು. ನಿಧಾನಗತಿಯ ಕಷ್ಟ ಏನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ರಖ್ಮಾನಿನೊಫ್ ಮೂರನೇ ಕಾನ್ಸರ್ಟೊ ಯಾಕಿಲ್ಲ?

ಕಾನ್ಸರ್ಟೊ ಯಾವುದೂ ಇಲ್ಲ. ಆರ್ಕೆಸ್ಟ್ರಾ ಜೊತೆಗಿದ್ದಾಗ ಕಷ್ಟದ ಲೆಕ್ಕವೇ ಬೇರೆ. ಅದರ ಸದ್ದನ್ನು ಮೀರಬೇಕು, ಹೊಂದಿಕೊಳ್ಳಬೇಕು, ನಡುವೆ ಬಿಡುವೂ ಸಿಗುತ್ತದೆ. ರಖ್ಮಾನಿನೊಫ್‌ನ ಮೂರನೆಯದು, ಪ್ರೊಕೊಫಿಯೆವ್‌ನ ಎರಡನೆಯದು, ಇವೆಲ್ಲ ಇನ್ನೊಂದು ಮತದಾನಕ್ಕೆ ಇರಲಿ.

ಆಲ್ಕಾನ್‌ನ 'ಒಂಟಿ ಪಿಯಾನೊ ಕಾನ್ಸರ್ಟೊ' ಮಾತ್ರ ಇದೆ. ಹೆಸರು ಕಾನ್ಸರ್ಟೊ ಆದರೂ ಆರ್ಕೆಸ್ಟ್ರಾ ಇಲ್ಲ. 1857ರಲ್ಲಿ ಬಂದ ಈ ಕೃತಿಯಲ್ಲಿ ಆರ್ಕೆಸ್ಟ್ರಾದ ಪಾತ್ರವನ್ನೂ ವಾದಕರ ಪಾತ್ರವನ್ನೂ ಒಬ್ಬರೇ ನುಡಿಸಬೇಕು. ಒಟ್ಟು 50 ನಿಮಿಷದ ಹತ್ತಿರ. ಅದರಲ್ಲಿ ಮೊದಲ ಭಾಗವೇ ಅರ್ಧ ಗಂಟೆಯಷ್ಟು. ಇದನ್ನು ಕೇಳದೆ ದಯವಿಟ್ಟು ಮತ ಹಾಕಬೇಡಿ.

ನಾಲ್ಕು ಗಂಟೆ ನುಡಿಸುವ ಕೃತಿ ಇದೆಯಂತೆ?

ಇದೆ. ಸೊರಾಬ್ಜಿಯ 'ಓಪಸ್ ಕ್ಲಾವಿಚೆಂಬಾಲಿಸ್ಟಿಕಮ್'. ಸೊರಾಬ್ಜಿ 1892ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು, ತಂದೆ ಮುಂಬಯಿಯ ಪಾರ್ಸಿ. 1930ರ ಡಿಸೆಂಬರ್ 1ರಂದು ಗ್ಲಾಸ್ಗೊ ನಗರದಲ್ಲಿ ತಾವೇ ಮೊದಲ ಸಲ ನುಡಿಸಿದರು. ಆಮೇಲೆ ಎಷ್ಟೋ ವರ್ಷ ತಮ್ಮ ಕೃತಿಗಳನ್ನು ಬೇರೆಯವರು ಸಭೆಯಲ್ಲಿ ನುಡಿಸುವುದನ್ನೇ ಅವರು ಇಷ್ಟಪಡಲಿಲ್ಲ.

ಇದನ್ನು ಪಟ್ಟಿಗೆ ಹಾಕಿಲ್ಲ. ಹಾಕಿದರೆ ಬರೀ ಉದ್ದದ ಮೇಲೆ ಎಲ್ಲ ಸುತ್ತನ್ನೂ ಗೆದ್ದುಬಿಡುತ್ತದೆ, ಕೇಳದೇ ಇರುವವರೂ ಅದಕ್ಕೇ ಮತ ಒತ್ತುತ್ತಾರೆ. ಒಂದು ಗಂಟೆ ಮೀರುವ ಕೃತಿ ಬೇಡ ಅಂತ ನಿಯಮ ಮಾಡಿಕೊಂಡಿದ್ದೇವೆ. ಗೋಲ್ಡ್‌ಬರ್ಗ್ ಕೆಲವರ ಕೈಯಲ್ಲಿ ಗಂಟೆ ದಾಟುತ್ತದೆ ಅಂತ ಕೇಳುವವರಿದ್ದಾರೆ. ಪುನರಾವರ್ತನೆ ಬಿಟ್ಟರೆ ಒಳಗೇ ಬರುತ್ತದೆ, ಗ್ಲೆನ್ ಗೂಲ್ಡ್ 1955ರ ರೆಕಾರ್ಡಿಂಗ್‌ನಲ್ಲಿ ಹಾಗೇ ಬಿಟ್ಟಿದ್ದಾರೆ. ಅದಕ್ಕೆ ಇರಿಸಿಕೊಂಡಿದ್ದೇವೆ.

ಮನುಷ್ಯರಿಂದ ನುಡಿಸಲು ಆಗದೇ ಇರುವುದನ್ನು ಸೂಚಿಸಬಹುದಾ?

ಬೇಡ. ಯಂತ್ರಕ್ಕಾಗಿ ಬರೆದದ್ದು, ಕಂಪ್ಯೂಟರಿನಲ್ಲಿ ಸಾವಿರಾರು ಸ್ವರ ತುಂಬಿ ಮಾಡಿದ್ದು, ಯಾವುದೂ ಬೇಡ. ಹತ್ತು ಬೆರಳು, 88 ಕೀ, ಒಬ್ಬ ಮನುಷ್ಯ. ಇಷ್ಟರೊಳಗೆ ಇರಬೇಕು.

ಗಡಿಯಲ್ಲಿ ನಿಂತ ಕೃತಿಗಳೂ ಇವೆ. ಕ್ಸೆನಾಕಿಸ್ 1973ರಲ್ಲಿ ಬರೆದ 'ಎವ್ರಿಯಾಲಿ'ಯಲ್ಲಿ ಒಂದು ಸ್ವರ ಪಿಯಾನೊದ ಕೊನೆಯ ಕೀಯನ್ನೂ ದಾಟಿ ಆಚೆ ಇದೆ. ಬರೆದದ್ದರಲ್ಲಿ ಏನನ್ನು ಬಿಡಬೇಕು ಅನ್ನುವುದನ್ನು ವಾದಕರೇ ತೀರ್ಮಾನಿಸಬೇಕು. ಆದರೂ ಸಭೆಗಳಲ್ಲಿ ನುಡಿಸುತ್ತಾರೆ, ಆದ್ದರಿಂದ ಪಟ್ಟಿಯಲ್ಲಿದೆ.

ಕೈ ಚಿಕ್ಕದಿದ್ದವರಿಗೆ ಎಲ್ಲವೂ ಕಷ್ಟ. ಅದನ್ನು ಲೆಕ್ಕಕ್ಕೆ ತಗೋತೀರಾ?

ತೆಗೆದುಕೊಳ್ಳುತ್ತೇವೆ. ಕಾರಣದ ಸಾಲಿನಲ್ಲಿ ಬರೆಯಿರಿ. ಈಗಿನ ಪಿಯಾನೊದಲ್ಲಿ ಒಂದು ಆಕ್ಟೇವ್ (ಒಂದು 'ಸ'ದಿಂದ ಮೇಲಿನ 'ಸ'ದವರೆಗಿನ ಅಂತರ) ಸುಮಾರು 16.5 ಸೆಂಟಿಮೀಟರ್. ರಖ್ಮಾನಿನೊಫ್‌ನ ಕೈ ಅದನ್ನು ಮೀರಿ ಬಹಳ ದೂರ ಹಿಗ್ಗುತ್ತಿತ್ತು. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಆಕ್ಟೇವ್ ಮುಟ್ಟುವುದೇ ತ್ರಾಸ. ಅದು ಅಭ್ಯಾಸದ ಕೊರತೆ ಅಲ್ಲ, ಕೀಯ ಅಳತೆಯ ಪ್ರಶ್ನೆ. ಯೋಸೆಫ್ ಹಾಫ್‌ಮನ್‌ನಂಥ ಮಹಾನ್ ವಾದಕ ಕೂಡ ತನ್ನ ಕೈಗೆ ತಕ್ಕ ಹಾಗೆ ಸ್ವಲ್ಪ ಕಿರಿದಾದ ಕೀಗಳ ಪಿಯಾನೊ ಮಾಡಿಸಿಕೊಂಡಿದ್ದ. ಇನ್ನೊಂದು ಕಡೆ ಸ್ಪೇನಿನ ಅಲಿಸಿಯಾ ದೆ ಲಾರೋಚಾ ಅವರನ್ನು ನೋಡಿ. ಕುಳ್ಳಗಿನ ಆಳು, ಚಿಕ್ಕ ಕೈ. ಅಲ್ಬೆನಿಸ್‌ನ 'ಇಬೇರಿಯಾ' ಅಂದರೆ ಜಗತ್ತಿಗೆ ಇಂದಿಗೂ ಅವರದೇ ನೆನಪು.

ಮನೆಯ ಕೀಬೋರ್ಡಿನಲ್ಲಿ ಪ್ರಯತ್ನಿಸಿ ಮತ ಹಾಕಲಾ?

ನಿಧಾನವಾಗಿ ನಾಲ್ಕು ಸಾಲು ಪ್ರಯತ್ನಿಸಿ, ಒಳ್ಳೆಯದೇ. ಆದರೆ ವಾದ್ಯದ ವ್ಯತ್ಯಾಸ ತಿಳಿದಿರಲಿ. 1821ರಲ್ಲಿ ಎರಾರ್ ಕಂಪನಿ ಕಂಡುಹಿಡಿದ ಒಂದು ಜೋಡಣೆಯಿಂದ ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ಹೊಡೆಯಬಹುದು. ಅಡ್ಡಡ್ಡ ಹರಡಿಕೊಂಡಿರುವ ಗ್ರ್ಯಾಂಡ್ ಪಿಯಾನೊಗಳಲ್ಲಿ ಇದು ಇದೆ, ನೆಟ್ಟಗೆ ನಿಲ್ಲುವ ಮಾಮೂಲಿ ಅಪ್‌ರೈಟ್‌ಗಳಲ್ಲಿ ಇಲ್ಲ. ಸ್ಕಾರ್ಬೊದಲ್ಲಿ ಒಂದೇ ಸ್ವರ ಪಟಪಟ ಬರುವ ಕಡೆ ಅಪ್‌ರೈಟ್ ಕೈಕೊಟ್ಟರೆ ತಪ್ಪು ನಿಮ್ಮದಲ್ಲ.

ಮೂಡಿಗೆರೆ, ಸಕಲೇಶಪುರ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಶ್ರುತಿ ಏರುತ್ತದೆ, ಕೀ ಹಿಡಿದುಕೊಳ್ಳುತ್ತದೆ. ಆಗ ಪಿಯಾನೊ ಮೇಲೆ ಪರೀಕ್ಷೆ ಮಾಡಿದರೆ ಯಾವ ಕೃತಿಯಾದರೂ ಕಷ್ಟವೇ. ಪಿಯಾನೊವನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಮಳೆ ನಿಂತು ಹವೆ ಒಣಗಿದ ಮೇಲೆ ಟ್ಯೂನರನ್ನು ಕರೆಸಿ.

ಮಗಳು ಪಿಯಾನೊ ಪರೀಕ್ಷೆಯಲ್ಲಿ ಗ್ರೇಡ್ 5 ಮುಗಿಸಿದ್ದಾಳೆ. ಪಟ್ಟಿಯಲ್ಲಿರುವುದನ್ನು ಕಲಿಸಬಹುದಾ?

ಬೇಡ, ದಯವಿಟ್ಟು ಬೇಡ. ಗ್ರೇಡ್ 8 ಮುಗಿಸಿದವರಿಗೂ ಇವು ದೂರದ ಮಾತು. ಸ್ಕ್ರಿಯಾಬಿನ್ ಹದಿಹರೆಯದ ಕೊನೆಯಲ್ಲಿ, 1891ರಲ್ಲಿ, ಲಿಸ್ಟ್‌ನ ಡಾನ್ ಹುವಾನ್ ಕೃತಿಯನ್ನೂ ಇಸ್ಲಾಮಿಯನ್ನೂ ಹಟ ಹಿಡಿದು ಅಭ್ಯಾಸ ಮಾಡಿ ಬಲಗೈ ಕೆಡಿಸಿಕೊಂಡ. ಆಮೇಲೆ ಎಡಗೈಗೆ ಮಾತ್ರ ಎರಡು ಸುಂದರ ಕೃತಿ ಬರೆದ. ಅಂಥವನಿಗೇ ಹಾಗಾಯಿತು. ನೋವು ಬಂದರೆ ನಿಲ್ಲಿಸಬೇಕು ಅಂತ ಮಗುವಿಗೆ ಮೊದಲು ಹೇಳಿಕೊಡಿ. ಕೇಳಿಸಿ, ಸ್ವರಲಿಪಿ ತೋರಿಸಿ, ಕಾರಣದ ಸಾಲು ಬರೆಸಿ. ಅಷ್ಟೇ ಸಾಕು.

ಸ್ವರಲಿಪಿಯ ಪಿಡಿಎಫ್ ಹಂಚಬಹುದಾ?

ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. 1937ರಲ್ಲಿ ತೀರಿಕೊಂಡ ರವೆಲ್, 1951ರ ಮೆಟ್ನರ್, ಅವರಿಗಿಂತ ಹಿಂದಿನವರ ಹಳೆಯ ಮುದ್ರಣಗಳನ್ನು ಹಂಚಿಕೊಳ್ಳಿ. ಸ್ಟ್ರಾವಿನ್ಸ್ಕಿ ತೀರಿಕೊಂಡದ್ದು 1971ರಲ್ಲಿ, ಆದ್ದರಿಂದ 'ಪೆಟ್ರುಷ್ಕಾ' 2031 ಮುಗಿಯುವವರೆಗೆ ಬೇಡ. ಲಿಗೆಟಿ, ಕ್ಸೆನಾಕಿಸ್ ಅಂತೂ ಇನ್ನೂ ಎಷ್ಟೋ ವರ್ಷ ಆಗುವುದಿಲ್ಲ, ಪುಸ್ತಕ ಕೊಂಡೇ ನೋಡಬೇಕು.

ಮತದಾನ ಯಾವಾಗ?

ಕಾಫಿ ಕುಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು. ಕುಯ್ಲಿನ ಸಮಯದಲ್ಲಿ ತೋಟದವರಿಗೆ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ನಿಮ್ಮ ಮತ ಯಾವುದಕ್ಕೆ?

ಕೇಳಿದ್ದೀರಿ, ಹೇಳುತ್ತೇನೆ. ಬೀಥೋವನ್‌ನ 'ಹ್ಯಾಮರ್‌ಕ್ಲಾವಿಯರ್', ಓಪಸ್ 106, 1818ರಲ್ಲಿ ಮುಗಿದದ್ದು.

ಒಂದೊಂದು ಪುಟ ನೋಡಿದರೆ ಇದಕ್ಕಿಂತ ಕಷ್ಟದ ಪುಟಗಳು ಪಟ್ಟಿಯಲ್ಲಿ ಬೇಕಾದಷ್ಟಿವೆ. ಶೋಪಾನ್ ಎಟ್ಯೂಡ್‌ಗಳನ್ನು ಇನ್ನಷ್ಟು ಕಷ್ಟ ಮಾಡಿ 53 ಹೊಸ ಎಟ್ಯೂಡ್ ಬರೆದ ಗೊಡೊವ್‌ಸ್ಕಿ ಇದ್ದಾನೆ. ಅದರಲ್ಲಿ 22 ಬರೀ ಎಡಗೈಗೆ! ಬೆರಳಿನ ಲೆಕ್ಕದಲ್ಲಿ ಅವನನ್ನು ಮೀರುವುದು ಸುಲಭ ಅಲ್ಲ. ಆದರೆ ಹ್ಯಾಮರ್‌ಕ್ಲಾವಿಯರ್‌ನಲ್ಲಿ ಎಲ್ಲ ಥರದ ಕಷ್ಟಗಳೂ ಒಂದರ ಹಿಂದೆ ಒಂದು ಬರುತ್ತವೆ. ಮೊದಲ ಭಾಗಕ್ಕೆ ಬೀಥೋವನ್ ತಾನೇ ಕೊಟ್ಟ ವೇಗ ಇವತ್ತಿಗೂ ವಾದಕರನ್ನು ಹೆದರಿಸುತ್ತದೆ. ಮೂರನೇ ಭಾಗ ಕಾಲು ಗಂಟೆಗೂ ಮೀರಿ ನಿಧಾನವಾಗಿ ಸಾಗುತ್ತದೆ, ಒಂದು ಕ್ಷಣ ಗಮನ ತಪ್ಪಿದರೂ ಎಳೆ ಕಡಿದುಹೋಗುತ್ತದೆ. ಮನಸ್ಸು ಪೂರ್ತಿ ದಣಿದ ಆ ಹೊತ್ತಿಗೆ ಕೊನೆಯ ಫ್ಯೂಗ್ ಶುರು. ಮೂರು ಧ್ವನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಅದೇ ರಾಗ ತಲೆಕೆಳಗಾಗಿ ಬರುತ್ತದೆ, ಹಿಂದಿನಿಂದ ಮುಂದಕ್ಕೆ ಬರುತ್ತದೆ. ಅಷ್ಟೆಲ್ಲ ಆದರೂ ಕೇಳುವವರಿಗೆ ಮೂರು ಧ್ವನಿಗಳೂ ಬೇರೆ ಬೇರೆಯಾಗಿ ಕೇಳಿಸಬೇಕು. 1836ರಲ್ಲಿ ಪ್ಯಾರಿಸ್‌ನಲ್ಲಿ ಲಿಸ್ಟ್ ಇದನ್ನು ನುಡಿಸಿದಾಗ ಫ್ರೆಂಚ್ ಸಂಗೀತಗಾರ ಬರ್ಲಿಯೋಜ್ ಸ್ವರಲಿಪಿ ಕೈಯಲ್ಲಿ ಹಿಡಿದು ಕೂತಿದ್ದ. ಒಂದು ಸ್ವರ ಬಿಡಲಿಲ್ಲ, ಒಂದು ಸ್ವರ ಸೇರಿಸಲಿಲ್ಲ ಅಂತ ಬರೆದ.

ನನ್ನ ಮತ ಅಂತ ನೀವೂ ಅದಕ್ಕೇ ಹಾಕಬೇಡಿ. ನಿಮ್ಮದೇ ಕಾರಣ ಬೇಕು.

ಸಮ ಮತ ಬಂದರೆ?

ಫೈನಲ್‌ಗೆ ಮುಂಚೆ ಒಂದು ಭಾನುವಾರ ಹಾಸನದಲ್ಲಿ ಎಲ್ಲರೂ ಸೇರುತ್ತೇವೆ. ಚಿಕ್ಕಮಗಳೂರಿನವರು ಬೇಲೂರು ಮೇಲೆ ಬಂದರೆ ಸುಮಾರು 60 ಕಿಲೊಮೀಟರ್. ಸಮವಾಗಿ ನಿಂತ ಜೋಡಿಗಳ ಎರಡೂ ಕಡೆಯ ಕಾರಣಗಳನ್ನು ಅಲ್ಲಿ ಓದಿ ಹೇಳುತ್ತೇವೆ, ಆ ಭಾಗಗಳನ್ನು ಸ್ಪೀಕರಿನಲ್ಲಿ ಕೇಳಿಸುತ್ತೇವೆ, ಆಮೇಲೆ ಕೈ ಎತ್ತಿ ಮತ. ಜಾಗ, ಸಮಯ ಆ ವಾರ ತಿಳಿಸುತ್ತೇವೆ.